ಎಡಗೈಯ ಬಾವುಟ

ಫೆಬ್ರುವರಿ 3

ಸೀಟಿಯಣ್ಣನಿಗೆ ನಿನ್ನ ಬಾವುಟದ ನಮಸ್ಕಾರ.

ನಿನ್ನ ಮಂಡಿ ಹೇಗಿದೆ? ಅತ್ತಿಗೆಯ ಬೈಗುಳ ಹೇಗಿದೆ? ಎರಡೂ ಮೊದಲಿನಂತೆಯೇ ಇದ್ದರೆ ನೀನು ಕ್ಷೇಮ ಎಂದು ತಿಳಿಯುತ್ತೇನೆ. ಫೋನ್ ಮಾಡು ಎಂದು ಅತ್ತಿಗೆ ಹೇಳಿಕಳಿಸಿದ್ದರು. ಏನು ಮಾಡಲಿ, ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ತಪ್ಪಾಗಿ ಕೇಳಿಸುತ್ತದೆ. ಜನರ ಕೂಗಿಗೆ ಬೆನ್ನು ಕೊಟ್ಟು ಒಂದು ಆಯುಷ್ಯವೆಲ್ಲ ಗೆರೆಯ ಮೇಲೆ ಓಡಿದ ಲೈನ್ಸ್‌ಮನ್‌ನ ಕಿವಿ ಇನ್ನೇನಾದೀತು? ಕಾಗದವೇ ವಾಸಿ.

ಮೊನ್ನೆ ಟಿವಿಯಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯ ನೋಡಿದೆ. ಮುಗಿದ ಮೇಲೆ ಕೋಟು ಹಾಕಿಕೊಂಡ ನಾಲ್ಕು ಜನ ಕೂತು ಅಕ್ಕಿಯಲ್ಲಿ ಕಲ್ಲು ಹೆಕ್ಕಿದಂತೆ ರೆಫರಿಯ ತಪ್ಪು ಹೆಕ್ಕಿದರು. ಒಂದೇ ಫೌಲನ್ನು ಹಿಂದಿನಿಂದ, ಮುಂದಿನಿಂದ, ಮೇಲಿನಿಂದ ತೋರಿಸಿದ್ದೇ ತೋರಿಸಿದ್ದು. ‘ಇದು ಕುರುಡನಿಗೂ ಕಾಣುತ್ತೆ ಕಣ್ರೀ’ ಎಂದ ಒಬ್ಬ. ಅಷ್ಟು ನಿಧಾನಕ್ಕೆ ತೋರಿಸಿದರೆ ಕುರುಡನಿಗೇನು, ಅವನಿಗೂ ಕಾಣುತ್ತದೆ.

ನಮ್ಮ ಕಾಲದಲ್ಲಿ ತೀರ್ಪು ಗೇಟಿನ ಹತ್ತಿರವೇ ಆಗುತ್ತಿತ್ತು. ಗಿರಣಿ ಮೈದಾನ ನೆನಪಿದೆಯಾ? ನೀನು ಊರಿನವರ ಗೋಲು ರದ್ದು ಮಾಡಿದ್ದಕ್ಕೆ ಜನ ದೊಣ್ಣೆ ಹಿಡಿದು ನಿಂತಿದ್ದರು. ನಾವಿಬ್ಬರೂ ಗೆರೆ ಎಳೆಯುವ ಸುಣ್ಣದ ಚೀಲಗಳ ಕೋಣೆಯಲ್ಲಿ ಅಡಗಿದ್ದು, ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದು, ‘ರೆಫರಿ ಎಲ್ಲಿ?’ ಎಂದು ಜನ ನಮ್ಮನ್ನೇ ಕೇಳಿದ್ದು. ‘ಒಳಗಿದ್ದಾನೆ, ಹೋಗಿ ಹಿಡೀರಿ’ ಎಂದೆಯಲ್ಲ ಮಹಾರಾಯ! ಆ ರಾತ್ರಿ ಬಸ್ಸಿನಲ್ಲಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತ್ತು. ಈಗ ಅಂಥ ನಗು ಬರುವುದಿಲ್ಲ.

ಮುಖ್ಯ ಸಂಗತಿ ಕೊನೆಗೆ ಇಟ್ಟುಕೊಂಡೆ. ಮಗಳ ಹೆಸರು ಮೇಲಿನ ಲೀಗಿನ ರೆಫರಿಗಳ ಪಟ್ಟಿಗೆ ಹೋಗಿದೆ. ಇನ್ನೊಂದು ಪಂದ್ಯ ಬಾಕಿ. ಅಲ್ಲಿ ಅಂಕದ ಮೇಷ್ಟ್ರು ಯಾರೋ ಸ್ಟ್ಯಾಂಡಿನಲ್ಲಿ ಕೂತು ಇವಳಿಗೆ ಅಂಕ ಹಾಕುತ್ತಾರೆ. ಹತ್ತಕ್ಕೆ ಎಂಟು ಮುಟ್ಟಿದರೆ ಹೋದಳು ಮೇಲಕ್ಕೆ, ನಾನು ಜೀವಮಾನವಿಡೀ ಮೂಸಿಯೂ ನೋಡದ ಮೈದಾನಗಳಿಗೆ. ನೀನೂ ಆ ಮೇಷ್ಟ್ರುಗಳ ಪೈಕಿಯೇ ಇದ್ದೀಯ. ಯಾರು ಬರುತ್ತಾರೆ ಎಂದು ಕೇಳಬಾರದು, ಕೇಳುವುದಿಲ್ಲ. ಆದರೂ ಬಾಯಿಬಿಟ್ಟರೆ ಬೇಡ ಅನ್ನುವುದಿಲ್ಲ.

ನಿನ್ನ
ಬಾವುಟ

ಫೆಬ್ರುವರಿ 15

ಪ್ರಿಯ ಬಾವುಟ,

ಮಂಡಿ, ಬೈಗುಳ ಎರಡೂ ಸುಸ್ಥಿತಿಯಲ್ಲಿವೆ. ನಿನ್ನ ಕಾಗದ ಓದಿ ಹೇಳಿದರೆ ನಿನ್ನ ಅತ್ತಿಗೆ, ‘ಆ ಸುಣ್ಣದ ಬಟ್ಟೆ ಒಗೆದವಳು ನಾನು, ನೀವಿಬ್ಬರೂ ನಗ್ತಾ ಇರಿ’ ಎಂದಳು.

ಮಗಳ ಸುದ್ದಿ ಕೇಳಿ ಎದೆ ತುಂಬಿ ಬಂತು. ಅವಳನ್ನು ನಾನು ನೋಡಿದ್ದು ಎರಡು ಜಡೆಯ ಕಾಲದಲ್ಲಿ. ಅವಳಮ್ಮ ತೀರಿಕೊಂಡ ವರ್ಷ ನಾನು ನಿಮ್ಮ ಮನೆಗೆ ಬಂದಾಗ ಬಾಗಿಲ ಹಿಂದೆ ನಿಂತು ‘ದೊಡ್ಡಪ್ಪ, ನೀವು ಸೀಟಿ ಊದಿದ್ರೆ ಎಲ್ಲರೂ ನಿಲ್ತಾರಂತೆ, ನಿಜವಾ?’ ಎಂದು ಕೇಳಿದ್ದಳು. ನಿಲ್ಲುತ್ತಾರೆ ಮಗಳೇ, ನಿಂತು ಬೈಯುತ್ತಾರೆ ಎಂದಿದ್ದೆ.

ಅಂಕದ ಮೇಷ್ಟ್ರು ಯಾರೆಂಬುದು ನನಗೆ ಹೇಗೆ ಗೊತ್ತಾಗಬೇಕು? ನನಗೆ ಈಗೀಗ ಹುಡುಗರ ಪಂದ್ಯಗಳನ್ನೇ ಹೆಚ್ಚಾಗಿ ಕೊಡುತ್ತಾರೆ. ಎಲ್ಲಿ ಹೋದರೂ ಕೆಲಸ ಒಂದೇ. ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ ಒಬ್ಬನೇ ಕೂರಬೇಕು, ಚೆಂಡು ನೋಡಬಾರದು, ರೆಫರಿಯನ್ನು ಮಾತ್ರ ನೋಡಬೇಕು. ಅವನ ಕಾಲು ಎಲ್ಲಿದೆ, ಕಣ್ಣು ಎಲ್ಲಿದೆ, ಊದುವ ಮುಂಚೆ ಉಗುಳು ನುಂಗಿದನಾ. ಪಕ್ಕದವರು ಗೋಲು ಎಂದು ಎದ್ದು ಕುಣಿಯುವಾಗ ನಾನೊಬ್ಬ ಸತ್ತವರ ಮನೆಯವನ ಹಾಗೆ ಕೂತಿರುತ್ತೇನೆ. ಹಾಗೆ ಕೂತಾಗೆಲ್ಲ ನೀನು ನೆನಪಾಗುತ್ತೀಯ. ನನ್ನನ್ನು ಆ ರೀತಿ ನೋಡುತ್ತಿದ್ದವನು ನೀನೊಬ್ಬನೇ.

ನಮ್ಮ ಸನ್ನೆ ನೆನಪಿದೆಯಾ? ಊರಿನ ತಂಡದವರೇ ಪೆನಾಲ್ಟಿ ಬಾಕ್ಸಿನೊಳಗೆ ಫೌಲ್ ಮಾಡಿದರೆ ನೀನು ಬಾವುಟ ಎತ್ತುವ ಹಾಗಿರಲಿಲ್ಲ. ಜನ ನಿನ್ನ ಬೆನ್ನ ಹಿಂದೆ ಕೈಯಳತೆಯಲ್ಲಿ ನಿಂತಿರುತ್ತಿದ್ದರು. ಒಂದು ಸಲ ಎತ್ತಿದ್ದಕ್ಕೆ ನಿನ್ನ ತಲೆಗೆ ಕಲ್ಲು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದೆ. ಆಮೇಲೆ ತಾನೇ ನಾವು ಆ ಉಪಾಯ ಮಾಡಿದ್ದು? ಬಾವುಟ ಎಡಗೈಗೆ ಬಂದು ತೊಡೆಗೆ ಒತ್ತಿಕೊಂಡಿತೆಂದರೆ, ‘ಅಣ್ಣಾ, ಒಳಗೇ ಆಯ್ತು.’ ನಾನು ನನ್ನ ತೀರ್ಮಾನವೇ ಎಂಬಂತೆ ಊದುತ್ತಿದ್ದೆ. ಬೈಗುಳ ಮೈದಾನದ ನಡುವೆ ನಿಂತ ನನಗೆ ಬರುತ್ತಿತ್ತು. ಅಲ್ಲಿಯವರೆಗೆ ಕಲ್ಲು ಮುಟ್ಟುತ್ತಿರಲಿಲ್ಲ. ‘ಈ ರೆಫರಿ ಲೈನ್ಸ್‌ಮನ್ ಕಡೆ ನೋಡದೆ ತನ್ನಿಚ್ಛೆಯಂತೆ ತೀರ್ಮಾನಿಸುತ್ತಾನೆ’ ಎಂದು ಆಗಿನ ಅಂಕದ ಮೇಷ್ಟ್ರು ಬರೆದಿದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ನಾನು ನೋಡುತ್ತಿದ್ದದ್ದೇ ನಿನ್ನನ್ನು!

ಆ ಸನ್ನೆಯ ಗುಟ್ಟನ್ನು ನಾನು ನಿನ್ನ ಅತ್ತಿಗೆಗೂ ಹೇಳಿಲ್ಲ. ನೀನು ಯಾರಿಗಾದರೂ ಹೇಳಿದೆಯಾ?

ನಿನ್ನ
ಸೀಟಿ

ಮಾರ್ಚ್ 9

ಅಣ್ಣಾ,

ಕ್ಷೇಮ ಸಮಾಚಾರ ಆಮೇಲೆ. ಮೈಯೆಲ್ಲ ಉರಿಯುತ್ತಿದೆ.

ಪಂದ್ಯ ಕಳೆದ ಭಾನುವಾರ ಆಯಿತು. ನಾನು ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಿದೆ, ನಾನು ಬಂದರೆ ಅವಳ ಕೈಕಾಲು ಕಟ್ಟುತ್ತದಂತೆ. ಚೆನ್ನಾಗಿ ನಡೆಸಿದಳು ಅಣ್ಣಾ. ಎಲ್ಲಿ ಚೆಂಡೋ ಅಲ್ಲಿ ಇವಳು. ಎರಡನೇ ಅರ್ಧದಲ್ಲಿ ಲೈನ್ಸ್‌ಮನ್ ಜೊತೆ ಮಾತಾಡಲು ಕಿವಿಗೆ ಹಾಕಿಕೊಳ್ಳುವ ಯಂತ್ರ ಕೈಕೊಟ್ಟಿತು, ಅದನ್ನು ಕಿತ್ತು ಜೇಬಿಗಿಟ್ಟುಕೊಂಡು ನಮ್ಮ ಕಾಲದವರಂತೆ ಕಣ್ಣಿನ ಮೇಲೆಯೇ ಪಂದ್ಯ ನಡೆಸಿದಳು. ಇನ್ನೇನು ಮುಗಿಯಬೇಕು, ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ ಒಬ್ಬ ಬಿದ್ದ. ಫೌಲ್ ಹೌದು, ಅದರಲ್ಲಿ ಎರಡು ಮಾತಿಲ್ಲ. ಇವಳು ಒಂದು ಕ್ಷಣ ನಿಂತಳು, ಆಮೇಲೆ ಪೆನಾಲ್ಟಿ ಕೊಟ್ಟಳು. ಗೋಲಾಯಿತು, ಊರಿನ ತಂಡ ಸೋತಿತು. ಟಿವಿಯಲ್ಲಿ ನಿಧಾನಕ್ಕೆ ತೋರಿಸಿದಾಗ ಗೆರೆಯಿಂದ ಒಂದು ಅಡಿ ಹೊರಗೆ. ಪೆನಾಲ್ಟಿಯೇ ಅಲ್ಲ, ಬರೀ ಫ್ರೀ ಕಿಕ್.

ತಪ್ಪು ತಪ್ಪೇ. ನಾನು ಅವಳ ಅಪ್ಪನೆಂದು ಗೆರೆಯನ್ನು ಸರಿಸಲಾರೆ. ಏಳು ಪಾಯಿಂಟ್ ಒಂಬತ್ತು ಹಾಕಿದ್ದಾರೆ, ಅದನ್ನೂ ನುಂಗಿಕೊಂಡೆ. ಆದರೆ ಕಾರಣ ಏನು ಬರೆದಿದ್ದಾನೆ ಗೊತ್ತಾ ಆ ಮಹಾನುಭಾವ? ‘ನಿಂತ ಜಾಗ ಸರಿಯಿರಲಿಲ್ಲ. ಘಟನೆಯಿಂದ ದೂರವಿದ್ದರು.’ ದೂರ! ನನ್ನ ಮಗಳು! ಇನ್ನೆರಡು ಹೆಜ್ಜೆ ಹತ್ತಿರ ಹೋಗಿದ್ದರೆ ಆಟಗಾರನ ಕಾಲು ತುಳಿಯುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನಿಗೆ ಕುಣಿಯುವವಳ ಕಾಲೇ ಡೊಂಕಾಗಿ ಕಂಡಿತೇ? ಸೀಟಿಯ ಯಾವ ತುದಿಯಲ್ಲಿ ಊದಬೇಕೆಂದೂ ಗೊತ್ತಿಲ್ಲದವನಿರಬೇಕು.

ಪಂದ್ಯ ಮುಗಿದ ಮೇಲೆ ಆ ಮೇಷ್ಟ್ರು ಇವಳ ಕೋಣೆಗೆ ಬಂದು ಮಾತಾಡಿರಲೇಬೇಕು. ಯಾರು ಎಂದರೆ ಹೇಳುವುದಿಲ್ಲ. ‘ಯಾರೋ ವಯಸ್ಸಾದವರು ಅಪ್ಪ, ಬಿಡು’ ಎಂದು ಒಳಗೆ ಹೋಗಿಬಿಟ್ಟಳು. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾಳೆ. ನೀನು ಸ್ವಲ್ಪ ವಿಚಾರಿಸು. ಆ ಕಣ್ಣಿಲ್ಲದವನು ಯಾರು?

ಬಾವುಟ

ಮಾರ್ಚ್ 23

ಅಣ್ಣಾ,

ನಿನ್ನಿಂದ ಒಂದು ಸಾಲೂ ಇಲ್ಲ. ಮೈ ಹುಷಾರಿಲ್ಲವೇ? ಅತ್ತಿಗೆಯಾದರೂ ನಾಲ್ಕು ಅಕ್ಷರ ಬರೆಯಬಾರದೇ?

ನಾನು ಸುಮ್ಮನೆ ಕೂತಿಲ್ಲ. ಪಕ್ಕದ ಮನೆಯ ಫೋಟೋ ಸ್ಟುಡಿಯೋದವನನ್ನು ಹಿಡಿದು ಆ ಪಂದ್ಯದ ಚಿತ್ರವನ್ನು ತುಂಡು ತುಂಡಾಗಿ ತೆಗೆಸಿದ್ದೇನೆ. ಅವಳು ನಿಂತ ಜಾಗ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ರೆಫರಿ ಶಾಲೆಯ ಪಾಠಕ್ಕೆ ಹಾಕಿಕೊಳ್ಳಬಹುದು, ಅಂಥ ಜಾಗ. ಈ ತಿಂಗಳ ಕೊನೆಯೊಳಗೆ ಸಮಿತಿಗೆ ಅಪೀಲು ಹಾಕಬಹುದಂತೆ. ಕಾರಣವೇ ಸುಳ್ಳೆಂದಾದರೆ ಅಂಕವನ್ನೂ ಮತ್ತೆ ನೋಡುತ್ತಾರಂತೆ. ಹತ್ತನೇ ಒಂದು ಭಾಗ ಏರಿದರೂ ಸಾಕಲ್ಲ, ಎಂಟಾಯಿತು!

ಮಗಳು ಬೇಡ ಅನ್ನುತ್ತಾಳೆ. ಅವಳು ಹೇಳಿದ್ದು ಕೇಳಿದರೆ ಆಗುತ್ತದೆಯೇ? ಸ್ವಂತ ವಿಷಯಕ್ಕೆ ಬಂದರೆ ಬಾಯಿಲ್ಲದವಳು. ನನಗೆ ನಿನ್ನದೊಂದು ಸಹಿ ಬೇಕು. ‘ಈ ಚಿತ್ರಗಳನ್ನು ನೋಡಿದ್ದೇನೆ, ರೆಫರಿ ಸರಿಯಾದ ಜಾಗದಲ್ಲಿದ್ದರು’ ಎಂದು ಎರಡೇ ಸಾಲು. ನಿನ್ನ ಹೆಸರು ಕಂಡರೆ ಸಮಿತಿಯವರು ಎದ್ದು ನಿಲ್ಲುತ್ತಾರೆ. ಚಿತ್ರಗಳು ಇದರ ಜೊತೆಗಿವೆ. ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ಏನಾದರೂ ಕೇಳಿದ್ದೇನೆಯೇ? ಇದೊಂದು ಕೇಳುತ್ತಿದ್ದೇನೆ.

ನಿನ್ನ
ಬಾವುಟ

ಮಾರ್ಚ್ 26

ಬಾವುಟ,

ಸಹಿ ಹಾಕಲಾರೆ. ಆ ಕಣ್ಣಿಲ್ಲದವನು ನಾನೇ.

ಇದನ್ನು ಓದಿ ಕಾಗದ ಹರಿದು ಬಿಸಾಡಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಬಿಸಾಡು.

ಫೆಬ್ರುವರಿಯಲ್ಲಿ ನಿನಗೆ ಬರೆಯುವಾಗಲೇ ಈ ಪಂದ್ಯದ ಕೆಲಸ ನನಗೆ ಬಂದಿತ್ತು. ‘ರೆಫರಿ ನಿಮ್ಮ ಸಂಬಂಧಿಕರೇ?’ ಎಂದು ಕೇಳಿದ್ದರು. ರಕ್ತ ಸಂಬಂಧ ಇಲ್ಲವಲ್ಲ, ಇಲ್ಲ ಎಂದೆ. ನ್ಯಾಯವಾಗಿ ಬೇಡ ಎನ್ನಬೇಕಿತ್ತು. ಆದರೆ ಆಸೆಯಾಯಿತು. ನಿನ್ನ ಮಗಳು ಸೀಟಿ ಊದುವುದನ್ನು ಕಣ್ಣಾರೆ ಒಂದು ಸಲ ನೋಡಬೇಕು, ಅಷ್ಟೇ ಆಸೆ.

ನೋಡಿದೆ. ನೀನು ಓಡುವಂತೆಯೇ ಓಡುತ್ತಾಳೆ, ಹಿಮ್ಮಡಿ ನೆಲಕ್ಕೆ ತಾಗಿಸದೆ. ಆ ಫೌಲ್ ಆದಾಗ ನಾನು ಅವಳನ್ನೇ ನೋಡುತ್ತಿದ್ದೆ. ಸೀಟಿ ತುಟಿಗೆ ಬಂದಿತ್ತು, ಕೈ ಬಾಕ್ಸಿನ ಹೊರಗೆ ತೋರಿಸಲು ಏಳುತ್ತಿತ್ತು. ಅಷ್ಟರಲ್ಲಿ ಅವಳ ಕಣ್ಣು ಗೆರೆಯ ಕಡೆ ಹೋಯಿತು. ಮುಖದಲ್ಲಿ ಒಂದು ಬೆಳಕು ಬಂತು ನೋಡು, ಗೊತ್ತಿದ್ದವರು ಸಿಕ್ಕಾಗ ಬರುವಂಥದ್ದು. ಕೈ ಇಳಿಯಿತು, ಪೆನಾಲ್ಟಿ ತೋರಿಸಿತು. ನಾನು ಗೆರೆಯ ಕಡೆ ತಿರುಗಿದೆ. ಲೈನ್ಸ್‌ಮನ್ ಹುಡುಗ ಬಾವುಟವನ್ನು ಎಡಗೈಗೆ ತೆಗೆದುಕೊಂಡು ತೊಡೆಗೆ ಒತ್ತಿ ನಿಂತಿದ್ದ.

ನಮ್ಮದೇ ಸನ್ನೆ ಮಾರಾಯ! ಅಷ್ಟು ದೊಡ್ಡ ಮೈದಾನದಲ್ಲಿ ಏನಾಯಿತೆಂದು ತಿಳಿದದ್ದು ನನಗೊಬ್ಬನಿಗೇ. ಆ ಹುಡುಗನಿಗೆ ತೊಡೆ ಹಿಡಿದುಕೊಂಡಿತ್ತು, ಪಾಪ, ಮುಷ್ಟಿಯಿಂದ ಒತ್ತಿಕೊಳ್ಳುತ್ತಿದ್ದ.

ಕೋಣೆಗೆ ಹೋದೆ. ಬೂಟಿನ ದಾರ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದಳು. ‘ದೊಡ್ಡಪ್ಪಾ’ ಎಂದಳು. ಇಲ್ಲಿ ಹಾಗೆ ಕರೆಯಬೇಡ ಎಂದೆ. ಅವಳೇ ಹೇಳಿದಳು: ‘ನನ್ನ ಕಣ್ಣು ಹೊರಗೆ ಅಂತು. ಬಾವುಟ ಒಳಗೆ ಅಂತು. ನಾನು ಬಾವುಟ ನಂಬಿದೆ.’ ಅಮ್ಮ ಹೋದ ಮೇಲೆ ನೀನು ಹಜಾರದಲ್ಲಿ ಕೋಲಿಗೆ ಕರವಸ್ತ್ರ ಕಟ್ಟಿಕೊಂಡು ಆ ಆಟ ಕಲಿಸಿದೆಯಂತೆ. ‘ಅಪ್ಪ ಮತ್ತೆ ನಗೋಕೆ ಶುರು ಮಾಡಿದ್ದೇ ಆ ಆಟದಿಂದ. ಅಪ್ಪನಿಗೆ ಮಾತ್ರ ಹೇಳಬೇಡಿ’ ಎಂದಳು.

ಇನ್ನು ನಾನೇನು ಬರೆಯಲಿ? ಅಂಕದಲ್ಲಿ ಕೈ ಬಿಗಿ ಮಾಡಲಿಲ್ಲ, ಸಡಿಲವೂ ಮಾಡಲಿಲ್ಲ. ಪಂದ್ಯದ ಫಲ ಬದಲಿಸಿದ ತಪ್ಪಿಗೆ ಅದೇ ಅಂಕ, ಯಾರಾಗಿದ್ದರೂ ಅಷ್ಟೇ. ಕಾರಣ ಮಾತ್ರ ಸುಳ್ಳು ಬರೆದೆ. ನಿಜ ಬರೆದರೆ ಗುಟ್ಟಿನ ಸನ್ನೆ ಎಂದು ಅವಳನ್ನು ಒಂದು ಋತುವಿಡೀ ಪಂದ್ಯಗಳಿಂದ ಹೊರಗಿಡುತ್ತಾರೆ, ತೊಡೆನೋವಿನ ಆ ಹುಡುಗನನ್ನೂ ಎಳೆದು ಕೂರಿಸುತ್ತಾರೆ. ನಿನಗೂ ಗೊತ್ತಾಗುತ್ತದೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಅಪೀಲು ಹಾಕಬೇಡ. ನಿನ್ನ ಚಿತ್ರಗಳು ನಿಜ. ನಿಂತ ಜಾಗ ಸರಿ ಎಂದು ಸಾಬೀತಾದ ಕೂಡಲೇ ಸಮಿತಿಯವರು, ‘ಮತ್ತೆ ಅಷ್ಟು ಹತ್ತಿರದಿಂದ ಯಾಕೆ ತಪ್ಪಿದಿರಿ?’ ಎಂದು ಕೇಳುತ್ತಾರೆ. ನಿನ್ನ ಮಗಳು ಸುಳ್ಳು ಹೇಳುವವಳಲ್ಲ.

ಸೀಟಿ

ಏಪ್ರಿಲ್ 19

ಬಾವುಟ,

ಸಮಿತಿಯಿಂದ ನನಗೆ ವಿವರಣೆ ಕೇಳಿ ಕಾಗದ ಬಂದಿದೆ. ಅಪೀಲು ಹೋಗಿದೆ ಎಂದಾಯಿತು.

ನನ್ನ ಪತ್ರ ತಡವಾಗಿ ಸೇರಿತೋ, ಓದಿಯೂ ಸಿಟ್ಟಿನಲ್ಲಿ ಕಳಿಸಿದೆಯೋ ಗೊತ್ತಿಲ್ಲ. ನನ್ನ ಮೇಲಿನ ಸಿಟ್ಟಿಗೆ ಮಗಳನ್ನು ಬಾವಿಗೆ ತಳ್ಳಿದೆಯಲ್ಲ ಎಂದು ಮೊದಲು ಅನಿಸಿತು. ಆಮೇಲೆ, ಇಷ್ಟು ವರ್ಷ ಇಲ್ಲದ ಸಿಟ್ಟು ಬರುವಂತೆ ಮಾಡಿದವನು ನಾನೇ ಅಲ್ಲವೇ ಎಂದೂ ಅನಿಸಿತು. ನಿನ್ನ ಅತ್ತಿಗೆ ದಿನಾ ಅಂಚೆಯವನನ್ನು ಗೇಟಿನಲ್ಲೇ ತಡೆದು ಕೇಳುತ್ತಾಳೆ. ನನ್ನೆದುರು ಮಾತ್ರ, ‘ಬರದಿದ್ದರೆ ಕತ್ತೆ ಬಾಲ, ಬಿಡಿ’ ಅನ್ನುತ್ತಾಳೆ.

ಬೈದಾದರೂ ಬರಿ. ಮೈದಾನದಲ್ಲಿ ಊರೆಲ್ಲ ಬೈದಾಗ ತಿರುಗಿ ನೋಡಿದರೆ ನೀನಿರುತ್ತಿದ್ದೆ. ಈಗ ತಿರುಗಿ ನೋಡಿದರೆ ಯಾರೂ ಇಲ್ಲ.

ಸೀಟಿ

ಮೇ 4

ಸೀಟಿಯಣ್ಣನಿಗೆ,

ತಡವಾಯಿತು. ಸಿಟ್ಟಿನಿಂದಲ್ಲ, ನಾಚಿಕೆಯಿಂದ.

ಅಪೀಲು ಹಾಕಿದ್ದು ನಾನಲ್ಲ. ನಿನ್ನ ಪತ್ರ ಓದಿದೆ. ಅವಳು ಟೀಚರ್ ಕೆಲಸ ಮುಗಿಸಿ ಶಾಲೆಯಿಂದ ಬಂದಾಗ ಕೈಗೆ ಕೊಟ್ಟೆ. ಚೀಲ ಹೆಗಲಲ್ಲಿರುವಾಗಲೇ ನಿಂತು ಓದಿದಳು. ‘ನಿನ್ನೆಯೇ ಕಳಿಸಿಬಿಟ್ಟೆ ಅಪ್ಪ’ ಎಂದಳು. ಏನೆಂದು ಕಳಿಸಿದಳು ಗೊತ್ತಾ? ‘ಅಂಕ ಸರಿಯಾಗಿದೆ, ಹಾಗೇ ಇರಲಿ. ಕಾರಣ ತಪ್ಪಾಗಿದೆ, ತಿದ್ದಬೇಕು. ನಾನು ಸರಿಯಾದ ಜಾಗದಲ್ಲಿದ್ದೆ, ಸನ್ನೆಯನ್ನು ತಪ್ಪಾಗಿ ತಿಳಿದೆ.’ ಅಷ್ಟೇ. ಮೇಲೆ ಹೋಗುವ ಅವಕಾಶಕ್ಕೆ ಅವಳ ಕೈಯಿಂದಲೇ ಕಲ್ಲು ಬಿತ್ತು. ಯಾಕಮ್ಮಾ ಎಂದೆ. ‘ನಾಳೆ ಆಟಗಾರರಿಗೆ ನಾನು ಯಾವ ಮುಖ ಇಟ್ಕೊಂಡು ಕಾರ್ಡ್ ತೋರಿಸ್ಲಿ?’ ಎಂದಳು. ನಮ್ಮಿಬ್ಬರಿಗೂ ಈ ಮಾತು ಒಂದು ದಿನವೂ ಹೊಳೆದಿರಲಿಲ್ಲವಲ್ಲ ಅಣ್ಣಾ.

ವಿಚಾರಣೆಯಲ್ಲಿ ಎಲ್ಲ ಹೇಳಿದಳಂತೆ. ತೊಡೆನೋವಿನ ಹುಡುಗನಿಗೆ ಏನೂ ಗೊತ್ತಿರಲಿಲ್ಲ ಎಂದೂ ಹೇಳಿದಳು, ಅವನನ್ನು ಬಿಟ್ಟರು. ‘ಈ ಸನ್ನೆ ಯಾರು ಕಲಿಸಿದ್ದು?’ ಎಂದು ಕೇಳಿದ್ದಕ್ಕೆ, ‘ಅದು ಹೇಳಲ್ಲ ಸರ್, ಹೇಳಲ್ಲ ಅಂತಾನೇ ಬರ್ಕೊಳ್ಳಿ’ ಎಂದಳಂತೆ. ಒಂದು ಋತು ಹೊರಗೆ. ಉತ್ತರ ಕೊಡದ ಉದ್ಧಟತನಕ್ಕೆ ಇನ್ನೊಂದು.

ಅದನ್ನು ಕೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಸಮಿತಿಯ ಕಚೇರಿಗೆ ಹೋದೆ. ಉದ್ದದ ಮೇಜು, ತಟ್ಟೆ ಮುಚ್ಚಿದ ನೀರಿನ ಲೋಟಗಳು, ಕೋಟಿನವರು. ‘ತಾವು ಯಾರು?’ ಎಂದರು. ನನ್ನ ಹೆಸರು ಹೇಳಿದೆ. ಯಾರಿಗೂ ಗೊತ್ತಿಲ್ಲ. ಲೈನ್ಸ್‌ಮನ್‌ನ ಹೆಸರು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಿನ್ನ ಹೆಸರು ಹೇಳಿ, ಅವರ ಗೆರೆ ಕಾಯುತ್ತಿದ್ದವನು ಎಂದೆ. ಅವರಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಕಿಟಕಿ ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡು ಸನ್ನೆ ಮಾಡಿ ತೋರಿಸಿದೆ, ಕಲ್ಲು ಬಿದ್ದ ಗುರುತೂ ತೋರಿಸಿದೆ. ಕಿವಿ ಕೇಳಿಸದ ಕಾರಣ ಜೋರಾಗಿಯೇ ಹೇಳಿದೆನೋ ಏನೋ, ಗುಮಾಸ್ತರೆಲ್ಲ ಬಾಗಿಲಲ್ಲಿ ಸೇರಿದ್ದರು. ಉದ್ಧಟತನದ ಶಿಕ್ಷೆ ತೆಗೆದರು. ಮೊದಲ ಋತುವಿನದು ಹಾಗೇ ಇದೆ, ಇರಬೇಕಾದದ್ದೇ. ಸುಳ್ಳು ಕಾರಣ ಬರೆದದ್ದಕ್ಕೆ ನಿನ್ನನ್ನು ಅಂಕದ ಮೇಷ್ಟ್ರುಗಳ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ಅವರ ಕಾಗದಕ್ಕಿಂತ ಮೊದಲು ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅಂಕಕ್ಕೆ ನನಗೆ ಸಿಟ್ಟಿಲ್ಲ. ನಾನಾಗಿದ್ದರೂ ಅಷ್ಟೇ ಹಾಕುತ್ತಿದ್ದೆ. ‘ನಿಂತ ಜಾಗ ಸರಿಯಿಲ್ಲ’ ಅಂದೆಯಲ್ಲ, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ. ನನಗೆ ಬೀಳಬೇಕಾದ ಕಲ್ಲನ್ನು ನಿನ್ನ ಮೇಲೆ ಎಳೆದುಕೊಳ್ಳುವ ಚಾಳಿ ನಿನಗೆ ಇನ್ನೂ ಹೋಗಿಲ್ಲ. ಈ ಸಲ ಅದು ಅವಳಿಗೆ ತಾಗಿತು ನೋಡು. ಇನ್ನು ಸಾಕು. ಇಬ್ಬರೂ ಒಂದು ವಾರ ಬಂದು ಇರಿ, ಇಲ್ಲಿ ಎಲ್ಲರೂ ಖಾಲಿ ಕೂತಿದ್ದೇವೆ. ಅತ್ತಿಗೆಗೆ ಹೇಳು, ಬೈಯಲು ಇಲ್ಲಿ ಇನ್ನೊಬ್ಬ ಸಿಗುತ್ತಾನೆ.

ಕಚೇರಿಯಿಂದ ಬಂದ ಸಂಜೆ ಅವಳು ಹಿತ್ತಲಿನ ಮೆಟ್ಟಿಲಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಳು. ಪಕ್ಕದಲ್ಲಿ ಕೂತೆ. ಆ ಹಾಳು ಸನ್ನೆ ಕಲಿಸಬಾರದಿತ್ತು ಮಗಳೇ ಎಂದೆ. ಬೂಟಿನಿಂದ ಕಣ್ಣೆತ್ತದೆ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

‘ಸನ್ನೆ ಏನೂ ತಪ್ಪಲ್ಲ ಅಪ್ಪ. ಗೆರೆ ಮೇಲೆ ನೀನಿರಲಿಲ್ಲ, ಅಷ್ಟೆ.’

ನಿನ್ನ
ಬಾವುಟ